ಮಿಲ್ಟ್ರಿ ಪೇರಲದ ಹರಳು

ಹೋದ ತಿಂಗಳು ಪತ್ರಿಕೆಯ ಶ್ರದ್ಧಾಂಜಲಿ ಪುಟದಲ್ಲಿ ಸರ್ ಅವರ ಫೋಟೊ ಬಂದಿತ್ತು. ದುಃಖವಾಗಬೇಕಿತ್ತು, ಆಯಿತು ಕೂಡ. ಆದರೆ ಅದಕ್ಕಿಂತ ಮೊದಲು ನಗು ಬಂತು. ಬದುಕಿಡೀ ಅವರು ಬಾಯಿತುಂಬ ಬೈದದ್ದು ಎರಡನ್ನೇ. ಒಂದು, ಕಾಣದ್ದನ್ನು ಕಂಡೆನೆಂದು ಬರೆಯುವ ವಿದ್ಯಾರ್ಥಿಯನ್ನು. ಇನ್ನೊಂದು, ಪತ್ರಿಕೆ ಅಚ್ಚಾಗುವ ಕಾಗದವನ್ನು. “ಅದು ಕಾಗದ ಅಲ್ಲ ತಂಗಿ, ತೆಳ್ಳಗ ತಟ್ಟಿದ ಕಟಗಿ. ನಾಕ ದಿನಾ ಬಿಸಲಿಗಿಟ್ರ ಹಳದಿ ಆಗತೈತಿ,” ಎನ್ನುತ್ತಿದ್ದರು. ಕೊನೆಗೆ ಅವರ ಮುಖವೇ ಆ ಕಟ್ಟಿಗೆಯ ಮೇಲೆ ಅಚ್ಚಾಗಿ, ಹೊಲಿಗೆ ಯಂತ್ರದ ಜಾಹೀರಾತಿನ ಪಕ್ಕದಲ್ಲಿ ಕೂತಿತ್ತು. ಅವರು ಇದ್ದಿದ್ದರೆ ತಮ್ಮ ಫೋಟೊ ನೋಡುವ ಮೊದಲು ಅದರ ಅಂಚಿಗೆ ಒಂದು ಹನಿ ಔಷಧ ಹಾಕಿ, ಕೆಂಪಾಯಿತೇ ಇಲ್ಲವೇ ಎಂದು ನೋಡುತ್ತಿದ್ದರು.

ಹೆಸರು ಹೇಳುವುದಿಲ್ಲ. ವಿದ್ಯಾರ್ಥಿಗಳು ಇಟ್ಟ ಹೆಸರು ಹರಳು ಸರ್. ಅವರಿಗೆ ಅದು ಗೊತ್ತಿತ್ತು, ಮತ್ತು ಅದರಲ್ಲಿ ಅವಮಾನವೇನೂ ಕಂಡಿರಲಿಲ್ಲ. ಒಮ್ಮೆ ಯಾರೋ ಕಪ್ಪು ಹಲಗೆಯ ಮೇಲೆ ಆ ಹೆಸರು ಬರೆದಿಟ್ಟಿದ್ದಾಗ, ಬರೆದವನನ್ನು ಹುಡುಕುವುದು ಬಿಟ್ಟು ಅದರ ಕೆಳಗೇ ಅಂದಿನ ಪಾಠ ಶುರುಮಾಡಿದ್ದರು.

ಎಪ್ಪತ್ತರ ದಶಕದಲ್ಲಿ ಅವರು ಮುದ್ದೇಬಿಹಾಳದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಇಂಡಿ ಕಡೆಯವರು, ನಿಂಬೆ ತೋಟದ ಮನೆತನ, ಮದುವೆಯಾಗದ ಒಂಟಿ ಜೀವ. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದರು. ನಮ್ಮಪ್ಪನದು ಊರಿನ ಪೇಟೆಯಲ್ಲಿ ಕಿರಾಣಿ ಅಂಗಡಿ. ನಾನು ಅದೇ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಹೀಗಾಗಿ ಬೆಳಿಗ್ಗೆ ನಮ್ಮವ್ವನ ಕೈಯ ಚಹಾ ಕುಡಿದು “ಬರ್ತೇನಿ ತಂಗಿ” ಎಂದು ಹೋದವರೇ, ಹತ್ತು ಗಂಟೆಗೆ ಪ್ರಯೋಗಶಾಲೆಯಲ್ಲಿ ನನ್ನನ್ನು ಯಾರೋ ಪರವೂರಿನವಳಂತೆ ನೋಡಿ “ನಿನ್ನ ರೋಲ್ ನಂಬರ್ ಏನು” ಎಂದು ಕೇಳುತ್ತಿದ್ದರು. ಪಕ್ಷಪಾತ ಆಗಬಾರದು ಎನ್ನುವ ಕಾಳಜಿ.

ಅವರ ಬದುಕಿನ ದೊಡ್ಡ ವಿಷಯ ಹಣ್ಣಿನೊಳಗಿನ ಹರಳು. ಪೇರಲ ಹಣ್ಣು ತಿನ್ನುವಾಗ ಬೀಜದ ಹೊರತಾಗಿಯೂ ಹಲ್ಲಿಗೆ ಸಣ್ಣಗೆ ಕರಕರ ಎನ್ನುತ್ತದಲ್ಲ, ಅದು. ನಾವೆಲ್ಲ ಬೀಜವೆಂದು ನುಂಗಿಬಿಡುತ್ತೇವೆ. ಸರ್ ನುಂಗುತ್ತಿರಲಿಲ್ಲ. ಕಣ್ಣು ಮುಚ್ಚಿ ನಿಧಾನವಾಗಿ ಜಗಿಯುತ್ತ, ಯಾರೋ ಕರೆದಂತೆ ಥಟ್ಟನೆ ನಿಂತು, “ಬಂತು,” ಎನ್ನುತ್ತಿದ್ದರು. ಆಮೇಲೆ ನಾಲಿಗೆಯಿಂದಲೇ ಬೀಜ ಒಂದು ಕಡೆ, ಹರಳು ಒಂದು ಕಡೆ ಬೇರ್ಪಡಿಸಿ, ಹರಳನ್ನು ಅಂಗೈಯ ಮೇಲೆ ಇಟ್ಟುಕೊಂಡು ಬೆಳಕಿಗೆ ಹಿಡಿಯುತ್ತಿದ್ದರು. ಒಂದು ಪೇರಲ ಹಣ್ಣು ಮುಗಿಯಲು ಮುಕ್ಕಾಲು ಗಂಟೆ ಬೇಕಾಗುತ್ತಿತ್ತು. ಸೀತಾಫಲದ ಕಾಲದಲ್ಲಂತೂ ಅವರ ಕೋಣೆಯ ಕಡೆ ನಾವು ಯಾರೂ ಹೋಗುತ್ತಿರಲಿಲ್ಲ. ಸಿಪ್ಪೆಯ ಒಳಮೈಗೆ ಸಕ್ಕರೆಯಂತೆ ಅಂಟಿಕೊಂಡಿರುವ ಕಣಗಳನ್ನು ಕೆರೆದು ಕೆರೆದು, ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಒಣಗಿಸಿಡುತ್ತಿದ್ದರು. ಊರಿನ ಇರುವೆಗಳೆಲ್ಲ ಅಲ್ಲಿಗೇ ಬರುತ್ತಿದ್ದವು. “ಅವು ರಸಕ್ಕ ಬರ್ತಾವ, ಹರಳು ಮುಟ್ಟೂದಿಲ್ಲ. ಇರವಿಗೆ ಗೊತ್ತೈತಿ, ಮನಷ್ಯಾಗ ಗೊತ್ತಿಲ್ಲ,” ಎನ್ನುವುದು ಅವರ ದೂರು.

ತಮ್ಮ ಮನೆಯ ನಿಂಬೆಹಣ್ಣಿನಲ್ಲಿ ಒಂದು ಹರಳೂ ಇಲ್ಲ ಎನ್ನುವುದನ್ನು ಮಾತ್ರ ದನಿ ತಗ್ಗಿಸಿ ಹೇಳುತ್ತಿದ್ದರು. ಮನೆತನದ ಗುಟ್ಟು ಬಿಟ್ಟುಕೊಟ್ಟವರ ಹಾಗೆ.

ಆ ಹರಳು ಏನು ಎಂದು ಕೇಳಿದವರ ಗತಿ ಮುಗಿದಂತೆಯೇ. ನಮ್ಮವ್ವ ಒಮ್ಮೆ ಚಹಾ ಕೊಡುವಾಗ ಮಾತಿಗೆಂದು ಕೇಳಿಬಿಟ್ಟಳು. ಸರ್ ಕಪ್ಪು-ಬಸಿಯನ್ನು ಕೆಳಗಿಟ್ಟು ಶುರುಮಾಡಿದರು. “ನೋಡ್ರಿ ಅವ್ವಾರ, ಗಿಡಾ ಸಕ್ಕರಿ ಮಾಡತೈತಿ. ಅದ ಸಕ್ಕರಿ ಒಂದಿಷ್ಟು ಹಣ್ಣಿನ್ಯಾಗ ರಸಾ ಆಗಿ ಉಳೀತೈತಿ. ಒಂದಿಷ್ಟನ್ನ ಗಿಡಾ ಬದಲಿ ಮಾಡಿ ಮಾಡಿ ಲಿಗ್ನಿನ್ ಅಂತ ಒಂದು ವಸ್ತು ಮಾಡತೈತಿ. ಕಟಗಿ ಗಟ್ಟಿ ಇರೂದು ಅದರಿಂದನ. ಹಣ್ಣಿನ್ಯಾಗಿನ ಕೆಲವು ಜೀವಕಣಕ್ಕ ಏನ ಹುಚ್ಚ ಹಿಡೀತೈತೋ, ಆ ಲಿಗ್ನಿನ್ ತಗೊಂಡು ಸುತ್ತ ಗ್ವಾಡಿ ಕಟ್ಟಕೋತಾವ. ಕಟ್ಟತಾವ, ಕಟ್ಟತಾವ, ಒಳಗ ತಮಗ ಕುಂದ್ರಾಕ ಜಾಗಾ ಉಳಿಯದಂಗ ಆಗೂತನಕ ಕಟ್ಟಿ, ಆಮ್ಯಾಲ ಅಲ್ಲೇ ಸಾಯ್ತಾವ. ಅದ ಹರಳು.” ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಪಾಪ, ಯಾಕ ಹಂಗ ಮಾಡ್ಕೋತಾವರಿ,” ಎಂದಳು. ಅಷ್ಟರಲ್ಲಿ ಸರ್ ಅವರ ಚಹಾ ಆರಿ, ಕೆನೆಗಟ್ಟಿತ್ತು.

ಲಿಗ್ನಿನ್ ಇದೆಯೋ ಇಲ್ಲವೋ ನೋಡಲು ಎರಡು ಬಾಟಲಿ ಬೇಕು. ಒಂದರಲ್ಲಿ ಸ್ಪಿರಿಟ್ಟಿನಲ್ಲಿ ಕರಗಿಸಿದ ಫ್ಲೋರೋಗ್ಲುಸಿನಾಲ್ ಎನ್ನುವ ಪುಡಿ, ಇನ್ನೊಂದರಲ್ಲಿ ಹೊಗೆಯಾಡುವ ಹೈಡ್ರೋಕ್ಲೋರಿಕ್ ಆ್ಯಸಿಡ್. ಮೊದಲನೆಯದರ ಒಂದು ಹನಿ, ಮೇಲೆ ಎರಡನೆಯದರ ಒಂದು ಹನಿ. ಲಿಗ್ನಿನ್ ಇದ್ದರೆ ಒಂದೆರಡು ನಿಮಿಷದಲ್ಲಿ ಅಪ್ಪಟ ಕೆಂಪು. ಇಲ್ಲದಿದ್ದರೆ ಇದ್ದ ಬಣ್ಣವೇ. ಈ ಎರಡು ಬಾಟಲಿಗಳನ್ನು ಟವೆಲಿನಲ್ಲಿ ಸುತ್ತಿ ಕೈಚೀಲದಲ್ಲಿ ಇಟ್ಟುಕೊಂಡು ಸರ್ ಹೋದಲ್ಲೆಲ್ಲ ಒಯ್ಯುತ್ತಿದ್ದರು. ಊರಿಗೆ ಹೋಗುವಾಗ ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸಬೇಕು. ಒಮ್ಮೆ ಅಲ್ಲಿನ ಕಂಡಕ್ಟರನಿಗೆ ಚೀಲದಿಂದ ಸ್ಪಿರಿಟ್ಟಿನ ವಾಸನೆ ಬಡಿದು, ಅವನು ಮರುಮಾತಿಲ್ಲದೆ ಇವರನ್ನು ಹಿಂದಿನ ಸೀಟಿಗೆ ಕರೆದೊಯ್ದು, ಅಲ್ಲಿ ತೂರಾಡುತ್ತಿದ್ದ ಒಬ್ಬನ ಪಕ್ಕ ಕೂಡಿಸಿ, “ನಿಮ್ಮ ಜೋಡಿ ಇಲ್ಲಿ ಅದಾನ, ಇಬ್ಬರೂ ಸುಮ್ಮ ಕುಂದ್ರಿ,” ಎಂದನಂತೆ. ಸರ್ ಇಂಡಿ ಮುಟ್ಟುವ ತನಕ ಆ ಮನುಷ್ಯನಿಗೆ ಲಿಗ್ನಿನ್ ಬಗ್ಗೆ ಹೇಳಿದರು. “ಭಾಳ ಲಕ್ಷ್ಯ ಕೊಟ್ಟು ಕೇಳಿದ. ನಿಮ್ಮ ಕ್ಲಾಸಿನ ಒಬ್ಬರಿಗೂ ಅಷ್ಟು ಲಕ್ಷ್ಯ ಇಲ್ಲ,” ಎಂದು ಊರಿಂದ ತಿರುಗಿ ಬಂದ ಮೇಲೆ ನಮಗೆ ಬೈದರು.

ಮನೆಗೆ ಲಗ್ನಪತ್ರಿಕೆ ಬಂದರೆ ಒಂದು ಮೂಲೆ ಕತ್ತರಿಸಿ ಹನಿ ಹಾಕುತ್ತಿದ್ದರು. ಕೆಂಪಾಗದಿದ್ದರೆ “ಚಲೋ ಮಂದಿ, ಹೋಗಬೇಕು.” ಕೆಂಪಾದರೆ “ಕಟಗಿ ಮ್ಯಾಲ ಅಚ್ಚ ಹಾಕಿಸ್ಯಾರ, ನೋಡೂಣು.” ಹೀಗೆ ಎಷ್ಟೋ ಮದುವೆಯ ಊಟ ತಪ್ಪಿಸಿಕೊಂಡರು. ಕಾಲೇಜಿನ ಗ್ರಂಥಾಲಯದಲ್ಲಿ ಹಳೆಯ ಪುಸ್ತಕ ತೆರೆದು ಮೂಗಿಗೆ ಹಿಡಿದು ಉಸಿರು ಎಳೆದುಕೊಳ್ಳುವುದನ್ನು ನೋಡಿ, ಅಲ್ಲಿನ ಪ್ಯೂನ್ ಇವರು ಪುಸ್ತಕದಲ್ಲಿ ನಶ್ಯ ಬಚ್ಚಿಟ್ಟಿದ್ದಾರೆಂದು ಪ್ರಿನ್ಸಿಪಾಲರಿಗೆ ದೂರು ಕೊಟ್ಟಿದ್ದ. ಹಳೆಯ ಕಾಗದದ ಲಿಗ್ನಿನ್ ಒಡೆದರೆ ಐಸ್‌ಕ್ರೀಮಿಗೆ ಹಾಕುವ ವ್ಯಾನಿಲಾದ ವಾಸನೆ ಬರುತ್ತದೆ ಎಂದು ಇವರು ವಿವರಿಸಿದರು. ಪ್ರಿನ್ಸಿಪಾಲರೂ ಮೂಸಿ ನೋಡಿದರು. ಅವರಿಗೆ ಜಿರಲೆಯ ವಾಸನೆ ಬಂತಂತೆ.

ಆದರೆ ಪ್ರಯೋಗಶಾಲೆಯಲ್ಲಿ ನಗು ಇರುತ್ತಿರಲಿಲ್ಲ. ನೀವು ಬರೆದ ಫಲಿತಾಂಶದ ಮೇಲೆ ಬೆರಳಿಟ್ಟು, “ಕಂಡ್ಯೋ, ಕೇಳಿದ್ಯೋ?” ಎನ್ನುತ್ತಿದ್ದರು. ಪಕ್ಕದವಳಿಂದ ಕೇಳಿ ಬರೆದದ್ದಾದರೆ ಪುಟ ಹರಿದು ಕೈಗೆ ಕೊಡುತ್ತಿದ್ದರು. ಉತ್ತರ ಸರಿಯಿದ್ದರೂ ಹರಿಯುತ್ತಿದ್ದರು. ನನ್ನ ಪುಟಗಳೂ ಹರಿದಿವೆ, ಅದೂ ನಮ್ಮವ್ವನ ಚಹಾ ಕುಡಿದ ಎರಡು ತಾಸಿನೊಳಗೆ. ಇಂಥ ಮನುಷ್ಯ ಒಂದೇ ಒಂದು ಸಲ ತಪ್ಪಿದರು. ಅದು ನನ್ನ ಸಲುವಾಗಿ. ಆ ಕತೆ ಹೇಳಲೆಂದೇ ಇಷ್ಟು ಬರೆದೆ.

ಪದವಿ ಮುಗಿಯಲು ಕೆಲವು ತಿಂಗಳು ಇರುವಾಗ ಸಿಂದಗಿಯಿಂದ ನನ್ನನ್ನು ನೋಡಲು ಬಂದರು. ಹುಡುಗ ಅಲ್ಲಿನ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಜೊತೆಗೆ ಅವನ ತಾಯಿ, ತಂದೆ. ಅದಕ್ಕೆ ಎರಡು ದಿನ ಮೊದಲು, ಸೈನ್ಯದಲ್ಲಿದ್ದ ನಮ್ಮ ಸೋದರಮಾವ ರಜೆಗೆಂದು ಬಂದವನು, ಉತ್ತರದ ಕಡೆಯಿಂದ ಒಂದು ಪೆಟ್ಟಿಗೆ ಹಣ್ಣು ತಂದುಕೊಟ್ಟು ತನ್ನೂರು ಬಾಗೇವಾಡಿಗೆ ಹೋಗಿದ್ದ. ನಾಸಪಾತಿ ಎಂದು ಹೆಸರು ಹೇಳಿದ್ದ. ನಾವು ಯಾರೂ ಅದನ್ನು ಕಂಡವರಲ್ಲ. ನೋಡಲು ಕೊರಳು ಉದ್ದವಾದ ಪೇರಲ, ತಂದವನು ಮಿಲ್ಟ್ರಿಯವನು. ಹೀಗಾಗಿ ನಮ್ಮ ಮನೆಯಲ್ಲಿ ಅದು ಮಿಲ್ಟ್ರಿ ಪೇರಲವಾಯಿತು. ಕಾಯಿ ಗಟ್ಟಿಯಿದ್ದವೆಂದು ಅಪ್ಪ ಅಂಗಡಿಯ ಜೋಳದ ಚೀಲದಲ್ಲಿ ಹುದುಗಿಸಿ ಹಣ್ಣು ಮಾಡಿದ. ಸರ್ ಆ ಎರಡು ದಿನವೂ ಅಂಗಡಿಗೆ ಹೋಗಿ ಚೀಲದ ಮುಂದೆ ನಿಂತು ಬಂದರು. “ಸಾವಕಾರ್ರ, ಒಂದು ಹೋಳು,” ಎಂದು ಬೇಡಿದರು. “ಬೀಗರ ಪಾಲಿಂದು ಸರ, ಅವರು ಹೋದ ಮ್ಯಾಲ,” ಎಂದು ಅಪ್ಪ ಮುಟ್ಟಗೊಡಲಿಲ್ಲ.

ಭಾನುವಾರ ಬೆಳಿಗ್ಗೆ ಅವರು ಬಂದರು. ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ನನ್ನನ್ನು ಕರೆದು ಕೂಡಿಸಿ, ಅಡುಗೆ ಬರುತ್ತದೆಯೇ, ಹಾಡು ಬರುತ್ತದೆಯೇ ಎಂದೆಲ್ಲ ಅವನ ತಾಯಿ ಕೇಳಿದರು. ಹುಡುಗ ತಲೆ ತಗ್ಗಿಸಿ ಕೂತವನು ಒಂದೇ ಮಾತು ಕೇಳಿದ: “ನಿಮ್ಮ ಕೈಬಟ್ಟಿಗೆ ಏನಾಗೇತ್ರಿ?” ನನ್ನ ಎರಡು ಬೆರಳ ತುದಿ ಹಳದಿಯಾಗಿದ್ದವು. ಅವ್ವ ಹುಣಿಸೆಹಣ್ಣು ಹಚ್ಚಿ ತಿಕ್ಕಿದರೂ ಹೋಗಿರಲಿಲ್ಲ. “ನೈಟ್ರಿಕ್ ಆ್ಯಸಿಡ್‌ರಿ,” ಎಂದೆ. “ಚಲೋ ಬಣ್ಣ ಐತಿ,” ಎಂದ. ಆ ಒಂದು ಮಾತಿಗೆ ನನಗೆ ಅವನು ಹಿಡಿಸಿಬಿಟ್ಟ. ಎದ್ದು ಒಳಗೆ ಹೋಗಿ ಅಡುಗೆಮನೆಯ ಬಾಗಿಲ ಹಿಂದೆ ನಿಂತೆ.

ಮಾತೆಲ್ಲ ಸುಸೂತ್ರ ಮುಗಿಯಿತು. ನಮ್ಮ ಕಡೆ ಒಪ್ಪಿಗೆಯಾದರೆ ಎರಡೂ ಮನೆಯವರು ಬಾಯಿಗೆ ಸಕ್ಕರೆ ಹಾಕಿಕೊಳ್ಳುತ್ತಾರೆ. ಅಲ್ಲಿಗೆ ಮಾತು ಗಟ್ಟಿ. ಸಕ್ಕರೆಯ ತಾಟು ಬಂದು ಕೂತೂ ಆಗಿತ್ತು. ಆಗ ಅಪ್ಪನಿಗೆ ದೊಡ್ಡಸ್ತಿಕೆ ತೋರಿಸುವ ಚಪಲ ಹುಟ್ಟಿತು. “ಸಕ್ಕರಿ ಎಲ್ಲೀಗೂ ಹೋಗೂದಿಲ್ಲ. ಮೊದಲ ಇದೊಂದು ಹಣ್ಣಿನ ರುಚಿ ನೋಡ್ರಿ. ಇಡೀ ಜಿಲ್ಲಾದಾಗ ಸಿಗೂದಿಲ್ಲ,” ಎಂದು, ಹೆಚ್ಚಿದ ಮಿಲ್ಟ್ರಿ ಪೇರಲವನ್ನು ಪೇಪರ್ ಹಾಸಿ ಮುಂದಿಟ್ಟ.

ಹುಡುಗನ ತಂದೆ ಒಂದು ಹೋಳು ಬಾಯಿಗೆ ಹಾಕಿಕೊಂಡರು. ಎರಡು ಸಲ ಜಗಿದರು. ನಿಂತರು. ಮತ್ತೆ ನಿಧಾನವಾಗಿ ಒಮ್ಮೆ ಜಗಿದು, ಜಗಿದದ್ದನ್ನು ಅಂಗೈಗೆ ಉಗುಳಿಕೊಂಡರು.

“ಉಸುಕು ಐತಿ,” ಎಂದರು.

ತಾಯಿಯೂ ಒಂದು ಹೋಳು ಜಗಿದು ನೋಡಿದರು. “ಹೌದು, ಉಸುಕನ,” ಎಂದರು.

“ಛೇ ಛೇ, ಮೂರ ಸಲ ತೊಳದೇವ್ರಿ,” ಎಂದಳು ಅವ್ವ.

“ಮ್ಯಾಲಲ್ಲವ್ವ, ಒಳಗ ಐತಿ. ಹಣ್ಣಿನ ಒಳಗ ಉಸುಕು ಹೆಂಗ ಹೊಕ್ಕತಿ?” ತಂದೆಯ ದನಿ ಏರಲಿಲ್ಲ, ಅದೇ ಭಯ ಹುಟ್ಟಿಸಿತು. “ಸಾವಕಾರ್ರ, ನಿಮ್ಮದು ಕಿರಾಣಿ ಅಂಗಡಿ ಅಂದ್ರಿ. ಬ್ಯಾಳ್ಯಾಗ ಹರಳು, ಅಕ್ಕ್ಯಾಗ ಹರಳು ಬೆರಸೂದು ಕೇಳೇವಿ. ಹಣ್ಣಿನ್ಯಾಗೂ ಬೆರಸ್ತೀರೇನು?”

ಒಬ್ಬ ಕಿರಾಣಿ ವ್ಯಾಪಾರಿಗೆ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಇಪ್ಪತ್ತು ವರ್ಷ ಬೇಳೆ ಕೇರಿ ಹರಳು ಆರಿಸಿ ಮಾರಿದ ನಮ್ಮಪ್ಪನ ಮುಖ ಕಪ್ಪಿಟ್ಟಿತು. “ಹಂಗ ಅನಬ್ಯಾಡ್ರಿ,” ಎಂದ. ಹುಡುಗನ ತಂದೆ ಇನ್ನೊಂದು ಕೈಯಲ್ಲಿ ಪಂಚೆ ಸರಿಮಾಡಿಕೊಂಡು ಏಳಲು ಸಿದ್ಧರಾದರು. ನಾನು ಬಾಗಿಲ ಹಿಂದೆ ನಿಂತು ಸಕ್ಕರೆಯ ತಾಟನ್ನೇ ನೋಡುತ್ತಿದ್ದೆ. ಹೋಯಿತು ಎಂದುಕೊಂಡೆ.

ಆಗ ಮುಂದಿನ ಕೋಣೆಯ ಬಾಗಿಲು ತೆರೆಯಿತು. ಬನಿಯನ್ನು, ಪಟ್ಟೆಪಟ್ಟೆಯ ಪಾಯಿಜಾಮ, ಎರಡೂ ಕೈಯಲ್ಲಿ ಒಂದೊಂದು ಬಾಟಲಿ. ಸರ್ ನೆಟ್ಟಗೆ ಬಂದವರೇ ಹುಡುಗನ ತಂದೆಯ ಮುಂದೆ ಬಾಟಲಿ ಇಟ್ಟು ಮಂಡಿಯೂರಿದರು. “ಚೆಲ್ಲಬ್ಯಾಡ್ರಿ, ಇಲ್ಲಿ ಕೊಡ್ರಿ,” ಎಂದು, ಅವರ ಅಂಗೈಯಲ್ಲಿದ್ದ ಜಗಿದ ಹಣ್ಣನ್ನು ತಮ್ಮ ಅಂಗೈಗೆ ಇಳಿಸಿಕೊಂಡರು. ಮುಖ ಅರಳಿತ್ತು. ಮದುವೆ ಮುರಿಯುವುದರಲ್ಲಿದೆ ಎನ್ನುವುದು ಅವರಿಗೆ ಗೊತ್ತೇ ಇರಲಿಲ್ಲ. ಎರಡು ದಿನದಿಂದ ಕಾದ ಹೋಳು ಸಿಕ್ಕಿತ್ತು, ಅಷ್ಟೇ.

“ಇಂವ ಯಾರು?” ಎಂದರು ಬೀಗರು.

“ನಮ್ಮ ಸರ್‌ರಿ, ಕಾಲೇಜಿನ್ಯಾಗ ಕಲಸ್ತಾರ,” ಎಂದ ಅಪ್ಪ, ಜೀವ ಹಿಡಿಯಷ್ಟು ಮಾಡಿಕೊಂಡು.

ಸರ್ ಅಂಗಳದಿಂದ ಒಂದು ಚಿಟಿಕೆ ಉಸುಕು ತಂದು ಚಹಾದ ಬಸಿಯ ಒಂದು ಬದಿಗೆ ಹಾಕಿದರು, ಇನ್ನೊಂದು ಬದಿಗೆ ಹಣ್ಣು. ಎರಡಕ್ಕೂ ಹನಿ ಹಾಕಿದರು. ಆ್ಯಸಿಡ್ಡಿನ ಘಾಟಿಗೆ ಎಲ್ಲರೂ ಕೆಮ್ಮಿದರು. ಉಸುಕು ಇದ್ದ ಹಾಗೇ ಇತ್ತು. ಹಣ್ಣಿನಲ್ಲಿ ಮೊದಲು ಗುಲಾಬಿಯಂತೆ ಚುಕ್ಕೆ ಚುಕ್ಕೆ ಎದ್ದು, ನೋಡುನೋಡುತ್ತ ಒಂದೊಂದು ಹರಳೂ ಕಡುಗೆಂಪಾಯಿತು.

“ಕಂಡ್ರ್ಯಾ? ಉಸುಕು ಅಲ್ಲ. ಹಣ್ಣ ಕಟ್ಟಿದ್ದು. ಇನ್ನೊಂದು ಮಜಾ ಹೇಳ್ತೇನಿ. ಈ ಬಾಟಲಿಯೊಳಗಿನ ವಸ್ತು ಮೊದಲ ಸಿಕ್ಕದ್ದು ಸೇಬಿನಂಥಾ ಗಿಡದ ತೊಗಟಿಂದ. ಅಂದ್ರ ಈ ಹಣ್ಣಿನ ಬಳಗದ್ದು. ಬೀಗರನ್ನ ಬೀಗರ ಪರೀಕ್ಷಾ ಮಾಡಿದಂಗ,” ಎಂದು ಸರ್ ಒಬ್ಬರೇ ನಕ್ಕರು.

ಹುಡುಗನ ತಾಯಿ ಬಸಿಯ ಮೇಲೆ ಬಾಗಿದ್ದರು. ಅವರ ಕಣ್ಣು ದೊಡ್ಡವಾಗಿದ್ದವು. “ಕುಂಕಮಾ,” ಎಂದರು ಮೆಲ್ಲಗೆ. “ಸಕ್ಕರಿ ತಿನ್ನೂ ಹೊತ್ತಿಗೆ ಹಣ್ಣಿನ್ಯಾಗ ಕುಂಕಮಾ ಮೂಡೇತಿ. ದೇವರು ಹೂಂ ಅಂದಾನ.” ಎರಡೂ ಕೈ ಜೋಡಿಸಿ ಬಸಿಗೆ ನಮಸ್ಕಾರ ಮಾಡಿದರು.

ಇಲ್ಲಿಗೆ ಸುಮ್ಮನಾಗಿದ್ದರೆ ಎಲ್ಲ ಮುಗಿಯುತ್ತಿತ್ತು. ಸುಮ್ಮನಾಗುವ ಮನುಷ್ಯ ಅವರಲ್ಲ.

“ಕುಂಕಮಾ ಅಲ್ಲವ್ವ, ಲಿಗ್ನಿನ್ನು,” ಎಂದರು. “ಬೇಕಾದ್ರ ನೋಡ್ರಿ.” ಮೂಲೆಯಲ್ಲಿದ್ದ ಗೋಣಿಚೀಲದ ಎಳೆಗೆ ಹನಿ ಹಾಕಿದರು: ಕೆಂಪು. ಹಣ್ಣಿನ ಕೆಳಗಿನ ಪೇಪರಿಗೆ: ಕೆಂಪು. ಗೋಡೆಗೆ ಒರಗಿಸಿದ್ದ ಮಣೆಗೆ: ಕೆಂಪು. ಅಪ್ಪ “ಸಾಕ್ರಿ ಸರ” ಎಂದು ಸನ್ನೆ ಮಾಡುತ್ತಲೇ ಇದ್ದ. ತಾಯಿ ಮಾತ್ರ ಒಂದೊಂದಕ್ಕೂ ಕೈ ಮುಗಿಯುತ್ತ, “ಈ ಮನ್ಯಾಗ ಎಲ್ಲಾದ್ರಾಗೂ ಲಕ್ಷ್ಮಿ ಅದಾಳ,” ಎಂದು ಗಂಡನ ಕಡೆ ನೋಡಿದರು. ಆ ಮೇಲೆ ಅವರಿಗೆ ಇನ್ನೊಂದು ಹೊಳೆಯಿತು. “ಮಾಸ್ತರ, ನಮ್ಮ ಹುಡುಗಂದೂ ನೋಡ್ರಿ. ಅವನ ಟೊಪ್ಪಿಗಿಗೆ ಹಾಕ್ರಿ. ಎರಡೂ ಕಡೆ ಕುಂಕಮಾ ಬಂದ್ರ ಇನ್ನ ಕೇಳೂದ ಬ್ಯಾಡ.”

ಅಲ್ಲಿ ಇದ್ದವರಲ್ಲಿ ಆಗುವುದೇನೆಂದು ಗೊತ್ತಿದ್ದದ್ದು ಸರ್‌ಗೆ ಮತ್ತು ನನಗೆ, ಇಬ್ಬರಿಗೇ ಎಂದುಕೊಂಡೆ. ಟೊಪ್ಪಿಗೆ ಅರಳೆಯ ಬಟ್ಟೆ. ಅರಳೆಯಲ್ಲಿ ಲಿಗ್ನಿನ್ ಇಲ್ಲ. ಏನು ಮಾಡಿದರೂ ಕೆಂಪಾಗುವುದಿಲ್ಲ.

“ಅದು ಆಗೂದಿಲ್ಲರಿ,” ಎಂದು ಸರ್ ಶುರುಮಾಡಿದರು. ತಾಯಿಯ ಮುಖ ಬಾಡಿದ್ದನ್ನು ಕಂಡು, ಮೊದಲ ಸಲ ಆ ಪಡಸಾಲೆಯಲ್ಲಿ ನಡೆಯುತ್ತಿರುವುದೇನೆಂದು ಅವರಿಗೆ ತಿಳಿಯಿತೆಂದು ಕಾಣುತ್ತದೆ. ಮಾತನ್ನು ಅರ್ಧಕ್ಕೇ ಬಿಟ್ಟರು.

ಹುಡುಗ ಸೆಕೆಗೆ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದ. “ಬೆವತೈತಿ, ತಡೀರಿ,” ಎಂದು ಗೋಡೆಯ ಕಡೆ ತಿರುಗಿ, ಕೊಡವಿ, ಮಡಿಕೆ ತೀಡಿ ತೀಡಿ, ಬಹಳ ಹೊತ್ತು ಮಾಡಿ ಕೊಟ್ಟ. ಸರ್ ಟೊಪ್ಪಿಗೆಯ ತುದಿಗೆ ಹನಿ ಹಾಕಿದರು. ಎಲ್ಲರೂ ಕಾದೆವು. ಬಿಳಿಯದು ಬಿಳಿಯದಾಗಿಯೇ ಉಳಿಯಿತು. ತಾಯಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು. “ಕೂಡಿ ಬರೂದಿಲ್ಲ ಅಂತೈತಿ,” ಎಂದರು ತಂದೆ.

ಸರ್ ಟೊಪ್ಪಿಗೆಯನ್ನು ಕೈಯಲ್ಲಿ ತಿರುಗಿಸಿದರು. ಅವರ ಹೆಬ್ಬೆರಳು ಮಡಿಕೆಯ ಮೇಲೆ ಒಂದು ಕಡೆ ನಿಂತಿತು. ತಲೆಯೆತ್ತಿ ಅಡುಗೆಮನೆಯ ಬಾಗಿಲ ಕಡೆ ನೋಡಿದರು. ನನ್ನ ಮುಖದಲ್ಲಿ ಏನು ಕಂಡರೋ. ಹೆಬ್ಬೆರಳಿದ್ದ ಜಾಗಕ್ಕೆ ಎರಡೂ ಬಾಟಲಿಯಿಂದ ಧಾರಾಳವಾಗಿ ಸುರಿದರು. ಬಟ್ಟೆ ಒದ್ದೆಯಾಗಿ ಒಳಗಿನದಕ್ಕೆ ಅಂಟಿತು, ಅದರೊಳಗಿಂದ ನಿಧಾನವಾಗಿ ಒಂದು ಕೆಂಪು ಗೆರೆ ಮೂಡಿತು.

“ಕೆಂಪಾತು ನೋಡ್ರಿ,” ಎಂದರು ಸರ್. ಅಷ್ಟೇ. ಯಾಕೆ ಕೆಂಪಾಯಿತೆಂದು ಹೇಳಲಿಲ್ಲ. ಬಾಟಲಿ ಎತ್ತಿಕೊಂಡು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊರಗೆ ಎಲ್ಲರೂ ಸಕ್ಕರೆ ತಿಂದರು. ಅವರಿಗಾಗಿ ಎತ್ತಿಟ್ಟ ನಾಸಪಾತಿಯನ್ನು ಅವ್ವ ಒಯ್ದು ಕೊಟ್ಟರೆ, ಹಸಿವಿಲ್ಲ ಎಂದರಂತೆ.

ಟೊಪ್ಪಿಗೆ ಸೆಟೆದು ನಿಲ್ಲಲೆಂದು ಮಡಿಕೆಯಲ್ಲಿ ಪೇಪರಿನ ಪಟ್ಟಿ ಇಡುವುದು ಆಗ ಎಲ್ಲರ ರೂಢಿ. ಕೆಂಪಾದದ್ದು ಅದು ಎಂದು ನನಗೆ ಗೊತ್ತಿತ್ತು. ಸರ್‌ಗೂ ಗೊತ್ತಿತ್ತು. ಅದರ ಬಗ್ಗೆ ನಾವು ಒಂದು ದಿನವೂ ಮಾತಾಡಲಿಲ್ಲ. ಪ್ರಯೋಗಶಾಲೆಯಲ್ಲಿ ಆ ಮೇಲೆ ನನ್ನ ಪುಟ ಹರಿಯಲು ಅವರು ಕೈ ಚಾಚಿ ಹಿಂದಕ್ಕೆ ತೆಗೆದುಕೊಂಡರು, ಎರಡು ಸಲ. ಹರಿದಿದ್ದರೇ ನನಗೆ ಸಮಾಧಾನವಾ​ಗುತ್ತಿತ್ತು.

ಪರೀಕ್ಷೆ ಮುಗಿದ ಮೇಲೆ ಮದುವೆಯಾಗಿ ಸಿಂದಗಿಗೆ ಹೋದೆ. ಗಂಡ ಒಳ್ಳೆಯವರು, ಮಾತು ಕಡಿಮೆ. ನಾನು ಇಷ್ಟವೆಂದು ಅವರಾಗಿ ಎಂದೂ ಹೇಳಿದ್ದಿಲ್ಲ. ಆ ಕಾಲದಲ್ಲಿ ಯಾರು ಹೇಳುತ್ತಿದ್ದರು ಬಿಡಿ. ಆದರೂ ಒಳಗೊಂದು ಚುಚ್ಚು ಇತ್ತು. ತಾಯಿ ಕುಂಕುಮ ಎಂದರು, ಮಗ ತಲೆ ಬಾಗಿಸಿದರು. ಟೊಪ್ಪಿಗೆ ಬಿಳಿಯಾಗಿಯೇ ಉಳಿದಿದ್ದರೆ ಅಷ್ಟೇ ಸುಮ್ಮನೆ ಎದ್ದು ಹೋಗುತ್ತಿದ್ದರು, ಎಂದುಕೊಳ್ಳುತ್ತಿದ್ದೆ.

ಎರಡು ವರ್ಷಕ್ಕೆ ಮಗಳು ಹುಟ್ಟಿದಳು. ತೊಟ್ಟಿಲ ಕಾರ್ಯಕ್ಕೆ ಸರ್ ಬಂದರು, ಒಂದು ಚೀಲ ನಿಂಬೆಹಣ್ಣಿನ ಜೊತೆ. ಪಂಕ್ತಿಯಲ್ಲಿ ಹೋಳಿಗೆ ಬಾಯಿಗೆ ಇಟ್ಟವರ ಕಣ್ಣು ದೇವರ ಜಗಲಿಯ ಕಡೆ ಹೋಯಿತು. ದೇವರ ಪಕ್ಕದಲ್ಲಿ, ಬೆಳ್ಳಿಯ ಬಟ್ಟಲಿನ ಹಿಂದೆ, ಆ ಟೊಪ್ಪಿಗೆ. ಹೂವು ಏರಿಸಿತ್ತು. ಆ್ಯಸಿಡ್ಡಿಗೆ ಎರಡು ತೂತು ಬಿದ್ದಿದ್ದವು. ಕೆಂಪು ಕೆಲವೇ ದಿನಕ್ಕೆ ಮಾಸಿಹೋಗಿದ್ದರಿಂದ ನಮ್ಮತ್ತೆ ಪ್ರತಿ ಶುಕ್ರವಾರ ಅದೇ ಜಾಗಕ್ಕೆ ಕುಂಕುಮ ಕಲಸಿ ಹಚ್ಚುತ್ತಿದ್ದರು. “ನಿಮ್ಮ ಕೈಯಾಗ ಬಂದ ಕುಂಕಮಾ ಮಾಸ್ತರ,” ಎಂದು ಅತ್ತೆ ತೋರಿಸಿದರು. ಸರ್‌ಗೆ ಹೋಳಿಗೆ ಗಂಟಲಲ್ಲಿ ಸಿಕ್ಕಿ, ಕಣ್ಣು ಮೇಲಾಗಿ, ಇಬ್ಬರು ಬೆನ್ನು ಗುದ್ದಬೇಕಾಯಿತು. ಊಟ ಅರ್ಧಕ್ಕೇ ಬಿಟ್ಟು ಕೈ ತೊಳೆದು, ನನ್ನ ಗಂಡನ ರಟ್ಟೆ ಹಿಡಿದು ಪಕ್ಕದ ಕೋಣೆಗೆ ಎಳೆದೊಯ್ದರು.

ನಾನು ಅಳುವ ಕೂಸನ್ನು ಹೆಗಲಿಗೆ ಹಾಕಿಕೊಂಡು ಆ ಬಾಗಿಲ ಹಿಂದೆ ನಿಂತೆ. ಬಾಗಿಲ ಹಿಂದೆ ನಿಲ್ಲುವುದು ನನಗೆ ಅಭ್ಯಾಸವಾಗಿತ್ತು.

“ನಾ ನಿಮಗ ಮೋಸ ಮಾಡೇನಿ,” ಎಂದರು ಸರ್. “ಆವತ್ತ ಟೊಪ್ಪಿಗಿ ಕೆಂಪಾಗಲಿಲ್ಲ. ಒಳಗ ಪೇಪರಿನ ಪಟ್ಟಿ ಕೈಗೆ ಹತ್ತಿತು, ಗೊತ್ತಿದ್ದ ಅಲ್ಲೇ ಸುರುವಿದೆ. ಆ ಹುಡುಗಿ ಮಾರಿ ನೋಡಿ ತಡಕೊಳ್ಳಾಕ ಆಗಲಿಲ್ಲ. ಎರಡ ವರ್ಷ ಆತು, ವಿದ್ಯಾರ್ಥಿಗಳಿಗೆ ಬೈಯಾಕ ಬಾಯಿ ಬರವಲ್ದು. ಈಗ ನೋಡಿದ್ರ ನಿಮ್ಮ ಅವ್ವಾರು ಅದಕ್ಕ ಪೂಜಿ ಮಾಡಾಕತ್ತಾರ. ನಾ ಹೋಗಿ ಅವರಿಗೂ ಹೇಳ್ತೇನಿ.”

ನನ್ನ ಗಂಡ “ಆ ಪಟ್ಟಿ ಎಲ್ಲಿಂದ ಬಂತು ಅಂತ ತಿಳಕೊಂಡೀರಿ ಸರ?” ಎಂದರು.

“ಎಲ್ಲಾರೂ ಇಡ್ತಾರಲ್ಲ, ಟೊಪ್ಪಿಗಿ ಸೆಟದ ನಿಲ್ಲಲಿ ಅಂತ.”

“ನಾ ಇಡೂದಿಲ್ಲರಿ. ನಮ್ಮವ್ವ ಗಂಜಿ ಹಾಕಿ ಇಸ್ತ್ರಿ ಮಾಡಿಸ್ತಾಳ. ನೀವು ಹಣ್ಣಿನ ಕೆಳಗಿನ ಪೇಪರಿಗೆ ಹನಿ ಹಾಕಿದ್ರಿ, ಕೆಂಪಾತು. ಅವ್ವ ಟೊಪ್ಪಿಗಿ ಕೇಳಿದಳು. ನೀವು ಆಗೂದಿಲ್ಲ ಅಂದ್ರಿ. ನಾ ಆ ಪೇಪರಿನ ಇನ್ನೊಂದು ತುದಿ ಹರಕೊಂಡು ಮಡಿಕ್ಯಾಗ ತುರಕಿ ಕೊಟ್ಟೆ.”

“ನೀವ ಇಟ್ರ್ಯಾ?”

“ಹೌದ್ರಿ.”

“ಯಾಕ?”

“ಕನ್ಯಾ ನನಗ ಭಾಳ ಮನಸಿಗೆ ಬಂದಿತ್ತರಿ. ನೀವು ನೋಡಿದ್ರ ಮೊದಲನೇ ಹನಿ ಖಾಲಿ ಕಡೆ ಹಾಕಿದ್ರಿ. ನನ್ನ ಜೀವಾ ಹೋಗಿ ಬಂತು.”

ಒಳಗಿನಿಂದ ಒಂದು ವಿಚಿತ್ರ ಸದ್ದು ಬಂತು. ಸರ್ ನಗುತ್ತಿದ್ದರು. ನಾಲ್ಕು ವರ್ಷ ನಮ್ಮ ಮನೆಯಲ್ಲಿದ್ದ ಮನುಷ್ಯ ಹಾಗೆ ನಕ್ಕಿದ್ದನ್ನು ನಾನು ಕೇಳಿರಲಿಲ್ಲ. “ಹಂಗಾದ್ರ ಪ್ರಯೋಗಾ ಮಾಡಿದವರು ನೀವು,” ಎನ್ನುತ್ತಿದ್ದರು, ಕೆಮ್ಮಿನ ನಡುವೆ. “ನಾ ಬರೇ ಬಾಟಲಿ ಹಿಡಿದೆ. ಡ್ರಾಯಿಂಗ್ ಮಾಸ್ತರ, ನೀವು ನನ್ನ ಕ್ಲಾಸಿನ್ಯಾಗ ಇದ್ದಿದ್ರ ನಿಮ್ಮನ್ನ ನಾಪಾಸ ಮಾಡಿ, ಆ ಮ್ಯಾಲ ಮನಿಗೆ ಕರದು ಊಟಕ್ಕ ಹಾಕ್ತಿದ್ದೆ.”

ಕಣ್ಣು ಒರೆಸಿಕೊಳ್ಳುತ್ತ ಹೊರಗೆ ಬಂದವರು ನನ್ನನ್ನು ಕಂಡು ನಿಂತರು. “ಕೇಳಿದ್ಯಾ ತಂಗಿ?”

“ಕೇಳಿದೆರಿ.”

“ಚಲೋ ಆತು. ನಾ ಇನ್ನೊಮ್ಮೆ ಹೇಳೂದು ತಪ್ಪಿತು,” ಎಂದು ಪಂಕ್ತಿಯ ಕಡೆ ನಡೆದರು.

ನಾನು ಒಳಗೆ ಹೋದೆ. ಗಂಡ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಬಾಯಿಗೆ ತರುವುದಿಲ್ಲ. ಮದುವೆಯಲ್ಲಿ ಹೆಂಗಸರು ಬಾಗಿಲಲ್ಲಿ ಅಡ್ಡಗಟ್ಟಿ ಗಂಡನ ಹೆಸರು ಕೂಡಿಸಿ ಒಡಪು ಹೇಳಿಸಿದಾಗ ಒಮ್ಮೆ ಹೇಳಿದ್ದು, ಅಷ್ಟೇ. ಆ ಹೊತ್ತು ಯಾರೂ ಹೇಳಿಸದೆ, ಬಾಗಿಲಲ್ಲಿ ನಿಂತು, ಅವರನ್ನು ಹೆಸರು ಹಿಡಿದು ಕರೆದೆ. ಅವರು ತಿರುಗಿ ನೋಡಿದರು. ಹೊರಗೆ ಸರ್ ನಮ್ಮತ್ತೆಯನ್ನು ಇನ್ನೊಂದು ಹೋಳಿಗೆ ಕೇಳುತ್ತಿದ್ದರು, ತುಪ್ಪ ಧಾರಾಳ ಹಾಕಿ ಎಂದು.